ಗಾಲಿಗೆ ಕೊಡುವ ಕಲ್ಲು

ದಾನೇಶ್ವರಿ ಗಾಡಿಯ ಗೇರನ್ನು ಪಿ, ಅಂದರೆ ಪಾರ್ಕಿಂಗ್, ಮೇಲೆ ಇಟ್ಟೇ ಇಳಿದಿದ್ದಳು. ಈ ಒಂದು ಮಾತನ್ನು ಆಕೆ ಎರಡು ತಿಂಗಳಲ್ಲಿ ಎಷ್ಟು ಮಂದಿಗೆ ಹೇಳಿದ್ದಳೋ ಅವಳಿಗೇ ನೆನಪಿಲ್ಲ. ನಂಬಿದವರನ್ನು ಮಾತ್ರ ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲೂ ಬೆರಳು ಉಳಿಯುತ್ತಿದ್ದವು.

ಆಕೆ ಬೀಳಗಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರು. ಗಂಡನ ಮನೆ ಮುಧೋಳದ ಹತ್ತಿರದ ರನ್ನ ಬೆಳಗಲಿ. ಮಾವ ಚನಮಲ್ಲಪ್ಪ ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಹಿರಿಯ, ಕಬ್ಬಿನ ಒಕ್ಕಲುತನದವರು. ಹೋದ ವರ್ಷ ಮನೆಗೆ ಬಿಳಿಯ ಆಟೊಮ್ಯಾಟಿಕ್ ಕಾರು ಬಂದಾಗ ಅದು ಮಾವನ ಹೆಸರಿಗೇ ಆಯಿತು. ಆ ಮನೆಯಲ್ಲಿ ಕರು ಹುಟ್ಟಿದರೂ ಮಾವನ ಹೆಸರಿಗೇ ಹುಟ್ಟುತ್ತದೆ. ದಿನಾ ಹೊಡೆಯುವವಳು ಮಾತ್ರ ದಾನೇಶ್ವರಿ. ಗಂಡ ಬಸವಕುಮಾರ ಟ್ರ್ಯಾಕ್ಟರ್ ಬಿಟ್ಟು ಬೇರೆ ಸ್ಟೇರಿಂಗ್ ಹಿಡಿದವನಲ್ಲ. ಎಡಗಾಲಿಗೆ ಕೆಲಸವೇ ಇಲ್ಲದ ಗಾಡಿಯಲ್ಲಿ ಕೂತರೆ ತನಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದ.

ಇನ್ನು ಕಲ್ಲಿನ ವಿಷಯ. ಅದು ಚನಮಲ್ಲಪ್ಪನವರ ತಂದೆ ಎತ್ತಿನ ಚಕ್ಕಡಿ ಹೊಡೆಯುತ್ತಿದ್ದ ಕಾಲದ ಕಲ್ಲು. ಕರಿಯದು, ಎರಡು ಕೈಯಲ್ಲಿ ಎತ್ತುವಷ್ಟು ತೂಕ, ಒಂದು ಮಗ್ಗಲು ಗಾಲಿಗೆ ಸರಿಯಾಗಿ ಕೂಡುವ ಹಾಗೆ ಸವೆದದ್ದು. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದರೂ ಕಲ್ಲು ಹೋಗಲಿಲ್ಲ. ಗಾಡಿ ನಿಂತಿತೋ, ಗಾಲಿಗೆ ಕಲ್ಲು ಕೊಡಬೇಕು. ಅದನ್ನೂ ಗಾಡಿ ಹೊಡೆದವರೇ ಕೊಡಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಗಾಡಿ ಎತ್ತ ಜಗ್ಗುತ್ತದೆ ಎನ್ನುವುದು ಹೊಡೆದವರಿಗಷ್ಟೇ ಗೊತ್ತು ಎಂಬುದು ಆ ಮನೆಯ ನ್ಯಾಯ.

ಹೊಸ ಕಾರಿಗೆ ಪೂಜೆಯಾದ ದಿನ ಚನಮಲ್ಲಪ್ಪ ಆ ಕಲ್ಲನ್ನು ತೊಳೆದು, ಎರಡೂ ಕೈಯಲ್ಲಿ ಹಿಡಿದು ಸೊಸೆಯ ಮುಂದೆ ಚಾಚಿದ್ದರು. ದಾನೇಶ್ವರಿ ನಕ್ಕುಬಿಟ್ಟಳು.

"ಮಾವಾರ, ಇದಕ್ಕ ಪಿ ಅಂತ ಐತ್ರಿ. ಪಿ ಮ್ಯಾಲ ಇಟ್ರ ಒಳಗ ಹಲ್ಲ ಕಚ್ಚಿ ಹಿಡಿತೈತಿ. ಕಲ್ಲ ಏನೂ ಬ್ಯಾಡ್ರಿ."

ಷೋರೂಮಿನ ಹುಡುಗರು ಹೇಳಿಕೊಟ್ಟ ಪಾಠ ಅದು, ಆಕೆ ಒಪ್ಪಿಸಿದ್ದಳು ಅಷ್ಟೆ. ಚನಮಲ್ಲಪ್ಪ ಕಲ್ಲನ್ನು ಡಿಕ್ಕಿಯಲ್ಲಿ ಇಟ್ಟರು. ಆ ನಗು ಅವರ ಮನಸ್ಸಿನಲ್ಲಿ ಕೂತಿತ್ತು ಎನ್ನುವುದು ಆಕೆಗೆ ತಿಳಿದದ್ದು ಬಹಳ ತಡವಾಗಿ.

ದೀಪಾವಳಿ ಮುಗಿದ ಎರಡನೆಯ ವಾರ ಆ ಘಟನೆ ನಡೆಯಿತು. ಶಾಲೆಯ ಮೈದಾನ ಗೇಟಿನ ಕಡೆಯಿಂದ ಧ್ವಜದ ಕಟ್ಟೆಯ ತನಕ ಇಳಿಜಾರು. ದಾನೇಶ್ವರಿ ಎಂದಿನಂತೆ ಮೇಲೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಪಿ ಮೇಲೆ ಇಟ್ಟು, ನೋಟ್‌ಬುಕ್ಕುಗಳ ಗಂಟು ಎತ್ತಿಕೊಂಡು ಪ್ರಾರ್ಥನೆಗೆ ಹೋದಳು. ಪ್ರಾರ್ಥನೆ ಮುಗಿಯಿತು, ಮಕ್ಕಳು ಸಾಲಾಗಿ ಒಳಗೆ ಹೋದರು. ಆಕೆ ಮೆಟ್ಟಿಲು ಹತ್ತಿ ಹಿಂತಿರುಗಿ ನೋಡಿದರೆ ಗಾಡಿ ತಾನಾಗಿ ಇಳಿದು ಬರುತ್ತಿತ್ತು. ಒಳಗೆ ಯಾರೂ ಇಲ್ಲ, ಸದ್ದೂ ಇಲ್ಲ. ಬಂದು ಧ್ವಜದ ಕಟ್ಟೆಗೆ ಗುದ್ದಿ ನಿಂತಿತು. ಐದೇ ನಿಮಿಷದ ಹಿಂದೆ ಆ ಕಟ್ಟೆಯ ಸುತ್ತ ನೂರಾ ಎಂಬತ್ತು ಮಕ್ಕಳು ಕೈ ಮುಗಿದು ನಿಂತಿದ್ದರು.

ಆಕೆ ಓಡಿ ಹೋಗಿ, ಒಳಗೆ ಕೂತು, ಮೊದಲು ಗಾಡಿಯನ್ನು ಹಿಂದಕ್ಕೆ ತೆಗೆದಳು. ಅಲ್ಲೇ ಎಡವಿದ್ದು. ಗೇರ್ ಪಿ ಮೇಲಿತ್ತು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ತನ್ನ ಕೈಯಾರೆ ಅಳಿಸಿಬಿಟ್ಟಿದ್ದಳು.

ಹೆಡ್ ಟೀಚರ್ ಮಧುಮತಿ ಕೆಟ್ಟವರಲ್ಲ, ಆದರೆ ಪುಸ್ತಕದಲ್ಲಿ ಬರೆದದ್ದು ಬಿಟ್ಟು ಬೇರೇನನ್ನೂ ನಂಬುವವರಲ್ಲ. ಸಮಜಾಯಿಷಿಯ ಪುಸ್ತಕ ಮುಂದಿಟ್ಟು, "ಪಿ ಹಾಕೂದ ಮರತ ಇಳದ್ನಿ ಅಂತ ಬರದ್ಬಿಡ್ರಿ ಟೀಚರ, ಮುಗೀತೈತಿ" ಎಂದರು. ದಾನೇಶ್ವರಿ ಬರೆದದ್ದು ಎರಡೇ ಸಾಲು. ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ. ಗೇರ್ ಪಿ ಮೇಲಿತ್ತು. ಮೊದಲನೆಯದೂ ಖರೆ, ಎರಡನೆಯದೂ ಖರೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಬರೆಯಲು ಆಕೆ ತಯಾರಿರಲಿಲ್ಲ.

ಸುದ್ದಿ ಕೇಳಿ ಮಧ್ಯಾಹ್ನ ಮಗನ ಬೈಕಿನ ಹಿಂದೆ ಕೂತು ಬಂದ ಚನಮಲ್ಲಪ್ಪ ಅದೇ ಪುಟದಲ್ಲಿ ಮೂರನೆಯ ಸಾಲು ಬರೆದರು. 'ಇದು ನಮ್ಮ ಸೊಸೆಯ ತಪ್ಪು. ಇನ್ನು ಮುಂದೆ ಆಕೆ ಗಾಡಿ ಹೊಡೆಯುವುದಿಲ್ಲ.' ಕೆಳಗೆ ದೊಡ್ಡ ಅಕ್ಷರದಲ್ಲಿ ಸಹಿ. ಕೀಲಿ ಅವರ ಜೇಬಿಗೆ ಹೋಯಿತು. ಆ ಸಹಿ ಕಂಡಾಗ ಆದಷ್ಟು ನೋವು ದಾನೇಶ್ವರಿಗೆ ಕಟ್ಟೆಗೆ ಗುದ್ದಿದ ಗಾಡಿ ಕಂಡಾಗಲೂ ಆಗಿರಲಿಲ್ಲ.

ಅಂದಿನಿಂದ ಆಕೆಗೆ ಬೆಳಗಿನ ಬಸ್ಸು, ಮುಧೋಳದಲ್ಲಿ ಇಳಿದು ಇನ್ನೊಂದು ಬಸ್ಸು. ಕಬ್ಬಿನ ಸುಗ್ಗಿ ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೊರಟ ಟ್ರ್ಯಾಕ್ಟರ್ ಹಿಂದೆ ಸಿಕ್ಕರೆ ಬಸ್ಸು ಎತ್ತಿನ ನಡಿಗೆಯಲ್ಲೇ ಸಾಗಬೇಕು. ಸಿಟ್ಟು ಬರುತ್ತಿತ್ತು, ಬಸ್ಸಿನ ಮೇಲಲ್ಲ. ಮಾವ ಅದೇ ಗಾಡಿಯನ್ನು ದಿನ ಬಿಟ್ಟು ದಿನ ಹೊರಗೆ ತೆಗೆಯುತ್ತಿದ್ದರು. ಮುಧೋಳದ ಸಂತೆಗೆ, ಜಮಖಂಡಿಯ ಬೀಗರ ಮನೆಗೆ, ಬನಹಟ್ಟಿಗೆ ಸೀರೆ ತರಲು. ಹೋದಲ್ಲೆಲ್ಲ ಪಿ ಹಾಕಿ, ಇಳಿದು, ಡಿಕ್ಕಿ ತೆಗೆದು, ಗಾಲಿಗೆ ಕಲ್ಲು ಕೊಟ್ಟು ಬರುತ್ತಿದ್ದರು. ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸೊಸೆಗೆ ಕೇಳುವ ಹಾಗೆ ಅನ್ನುತ್ತಿದ್ದರು.

"ನನ್ನ ಕೈಯಾಗ ಯಾಕ ಉರಳವಲ್ದಪಾ ಅದು?"

ಕಟ್ಟೆಯ ಮೇಲಿನವರು ತಲೆ ಆಡಿಸುತ್ತಿದ್ದರು. ದಾನೇಶ್ವರಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

"ನಿಮ್ಮ ಗಾಲಿಗೆ ಕಲ್ಲ ಇರ್ತೈತಲ್ರಿ ಮಾವಾರ!"

"ಕಲ್ಲಿನ ಮಾತ ಬಿಡವಾ. ಅದು ನಮ್ಮ ರೂಢಿ. ಗಾಡಿ ಛಲೋ ಐತಿ."

ಬಸವಕುಮಾರ ಇಬ್ಬರ ನಡುವೆ ಕೂತು ಚಹಾ ಕುಡಿಯುತ್ತಿದ್ದ. ಹೆಂಡತಿಯನ್ನು ನಂಬಿದ ಕೆಲವೇ ಮಂದಿಯಲ್ಲಿ ಅವನೂ ಒಬ್ಬ, ಆದರೆ ಅದನ್ನು ಅಪ್ಪನ ಎದುರು ಆಡಿದವನಲ್ಲ. ನಂಬಿ ಸುಮ್ಮನಿರುವವರಿಗಿಂತ ನಂಬದೆ ಜಗಳಾಡುವವರೇ ಎಷ್ಟೋ ವಾಸಿ ಎಂದು ದಾನೇಶ್ವರಿಗೆ ಅನ್ನಿಸಿದ್ದುಂಟು.

ಸಂಕ್ರಾಂತಿಯ ಮುಂಚಿನ ಶನಿವಾರ ಅತ್ತೆ ಶಂಕ್ರೆವ್ವ ದೇವರ ಜಗಲಿ ತೊಳೆಯಲು ಸೊಸೆಯನ್ನು ಕರೆದರು. ಆ ಮನೆಯಲ್ಲಿ ಸಿಕ್ಕೆ, ಮುದ್ರೆ ಒತ್ತಿದ ಯಾವ ಕಾಗದ ಬಂದರೂ ಮೊದಲು ಜಗಲಿಗೆ ಹೋಗುತ್ತದೆ. ಅದು ಹೊಲದ ಪಹಣಿ ಉತಾರವಿರಲಿ, ಮೊಮ್ಮಗನ ಮಾರ್ಕ್ಸ್ ಕಾರ್ಡ್ ಇರಲಿ, ಒಂದು ದಿನ ದೇವರ ಮುಂದೆ ಇದ್ದು ಆಮೇಲೆ ಟ್ರಂಕಿಗೆ ಹೋಗಬೇಕು. ವಿಭೂತಿ ಗಟ್ಟಿಯ ಕೆಳಗೆ ಒಂದು ಉದ್ದನೆಯ ಲಕೋಟೆ ಇತ್ತು. ಒಡೆದಿರಲಿಲ್ಲ. ಮೇಲೆ ಕಾರಿನ ಕಂಪನಿಯ ಮುದ್ರೆ, ಮುದ್ರೆಯ ಮೇಲೆ ಮೂರು ಬೆರಳಿನ ವಿಭೂತಿ.

"ಅತ್ತೀ, ಇದು ಯಾವಾಗ ಬಂತ್ರಿ?"

"ಮೂರ ವಾರ ಆತೇನೋ. ಗಾಡಿ ಕಂಪನಿಯಾವ್ರು ಹಬ್ಬಕ್ಕ ಕಾಗದ ಹಾಕ್ಯಾರ ಅಂತ ಇಟ್ಟೇನಿ. ಹೊಸ ಗಾಡಿ ನೋಡು, ಪೂಜಿ ಆಗ್ಲಿ ಅಂತ ದಿನಾ ಹಚ್ಚಾಕತ್ತೇನಿ."

ದಾನೇಶ್ವರಿ ಲಕೋಟೆ ಒಡೆದು ನಿಂತಲ್ಲೇ ಓದಿದಳು. ಒಂದು ಮಗ್ಗಲು ಇಂಗ್ಲಿಷ್, ಇನ್ನೊಂದು ಮಗ್ಗಲು ಕನ್ನಡ. ಇಂಥ ತಿಂಗಳಿನಿಂದ ಇಂಥ ತಿಂಗಳೊಳಗೆ ತಯಾರಾದ ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್ ಪಿ ಮೇಲೆ ಇಟ್ಟಾಗ ಒಳಗಿನ ಒಂದು ಕೊಕ್ಕೆ ಹಲ್ಲಿಗೆ ಪೂರ್ತಿ ಕೂಡದೆ ಹೋಗಬಹುದು. ಇಳಿಜಾರಿನಲ್ಲಿ ವಾಹನ ತಾನಾಗಿ ಉರುಳಬಹುದು. ದಯವಿಟ್ಟು ಹತ್ತಿರದ ಸರ್ವೀಸ್ ಸೆಂಟರಿಗೆ ತನ್ನಿ, ಹೊಸ ಭಾಗವನ್ನು ಉಚಿತವಾಗಿ ಹಾಕಿಕೊಡುತ್ತೇವೆ. ಅಲ್ಲಿಯ ತನಕ ತಪ್ಪದೆ ಹ್ಯಾಂಡ್ ಬ್ರೇಕ್ ಹಾಕಿ.

ಆಕೆಗೆ ಮೊದಲು ಬಂದದ್ದು ನಗು. ಆಮೇಲೆ ಜಗಲಿಗೆ ಆನಿಕೊಂಡು ಕೂತಳು. ಓದಿ ಹೇಳಿದ್ದನ್ನು ಕೇಳಿ ಶಂಕ್ರೆವ್ವ ಹಣೆ ಬಡಿದುಕೊಂಡರು.

"ಅಯ್ಯ ನನ ಶಿವನ! ಇಂಥಾ ಕಾಗದಕ್ಕ ನಾ ಮೂರ ವಾರ ಪೂಜಿ ಮಾಡೇನಲ್ಲ! ಏಳು, ಹೋಗು, ಅವ್ರ ಮಾರಿ ಮುಂದ ಹಿಡಿ."

ಮರುದಿನ ಭಾನುವಾರ ಬೆಳಿಗ್ಗೆ ಕಟ್ಟೆ ತುಂಬಿದ ಮೇಲೆಯೇ ದಾನೇಶ್ವರಿ ಕಾಗದ ತಂದು ಮಾವನ ಕೈಗೆ ಕೊಟ್ಟಳು. ಬೇಕೆಂದೇ ಆ ಹೊತ್ತು ನೋಡಿದ್ದಳು. ಎಲ್ಲರ ಎದುರು ಹೋದ ಮಾತು ಎಲ್ಲರ ಎದುರೇ ಬರಬೇಕಲ್ಲ. ಚನಮಲ್ಲಪ್ಪ ಚಷ್ಮಾ ಏರಿಸಿ ಎರಡು ಸಲ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಉರಳಬಹುದು ಅಂತ ಐತಿ. ಉರಳತೈತಿ ಅಂತ ಇಲ್ಲ," ಎಂದು ಕಾಗದ ಮಡಚಿದರು. "ಎಷ್ಟ ಸಾವಿರ ಮಂದಿಗೆ ಹಾಕ್ಯಾರೋ ಇದನ್ನ. ನಮ್ಮ ಗಾಡಿ ಅಂಥಾದ್ದಲ್ಲ. ಎರಡ ತಿಂಗಳಿಂದ ನಾ ಹೊಡ್ಯಾಕತ್ತೇನಿ."

"ಹಂಗಾದ್ರ ಒಂದ ಸಲಾ ಕಲ್ಲ ತಗದ ನೋಡೂನ್ರಿ."

ಕಟ್ಟೆಯ ಮೇಲಿನವರೆಲ್ಲ ಚನಮಲ್ಲಪ್ಪನವರ ಕಡೆ ತಿರುಗಿದರು.

"ಪಿ ನೀವ ಹಾಕ್ರಿ, ಕಲ್ಲ ನೀವ ತಗೀರಿ," ಎಂದಳು ದಾನೇಶ್ವರಿ. "ನಾ ಗಾಡಿ ಮುಟ್ಟೂದಿಲ್ಲ. ಅದು ನಿಂತ್ರ ನಾ ಇನ್ನ ಗಾಡಿ ಕೇಳಾಂಗಿಲ್ಲ, ಬಸ್ಸಿಗೇ ಹೋಗ್ತೇನಿ. ಸಾಲಿ ಪುಸ್ತಕದಾಗ ಮರತ ಇಳದ್ನಿ ಅಂತ ನನ್ನ ಕೈಲೆ ಬರೀತೇನಿ."

ಇಷ್ಟು ಹೇಳಿದ ಮೇಲೆ ಚನಮಲ್ಲಪ್ಪನವರಿಗೆ ಏಳದೆ ಗತಿ ಇರಲಿಲ್ಲ. ಅವರಿಗೂ ತಮ್ಮ ಗಾಡಿಯ ಮೇಲೆ ಅಷ್ಟೇ ಧೈರ್ಯ.

ಮನೆಯ ಮಗ್ಗಲಿನ ಓಣಿ ಹಿತ್ತಲಿನ ಕಡೆ ಇಳಿಯುತ್ತದೆ, ಕೊನೆಗೆ ಒಣ ಜೋಳದ ದಂಟು ಒಟ್ಟಿದ ಕಣಿಕೆಯ ಬಣವಿ. ದಾನೇಶ್ವರಿ ಕೆಳಗೆ ಯಾರೂ ನಿಲ್ಲಬಾರದೆಂದು ಗದರಿಸಿ ಎಲ್ಲರನ್ನೂ ಮೇಲೆ ಕಳಿಸಿದಳು. ಬಸವಕುಮಾರ, ಯಾರೂ ಹೇಳದೆಯೇ, ದನ ಬಿಚ್ಚಿ ಆಚೆ ಕಟ್ಟಿ ಬಂದು, ಬಣವಿಯ ಮುಂದೆ ಕಣಿಕೆಯ ಸಿವುಡು ಕಟ್ಟುಗಳನ್ನು ಎದೆಯೆತ್ತರ ಒಟ್ಟಿದ. ಅಪ್ಪ ಅವನನ್ನು ದುರುಗುಟ್ಟಿ ನೋಡಿದರು. ಗಾಡಿ ಉರುಳುವುದಿಲ್ಲ ಎಂಬ ನಂಬಿಕೆ ಇದ್ದವನು ಸಿವುಡು ಯಾಕೆ ಒಟ್ಟುತ್ತಾನೆ? ಆತ ಕೈ ಝಾಡಿಸಿಕೊಂಡು ಹೆಂಡತಿಯ ಪಕ್ಕ ಬಂದು ನಿಂತ. ಎರಡು ತಿಂಗಳಲ್ಲಿ ಮೊದಲ ಸಲ ಆಕೆಗೆ ಅವನ ಮೇಲೆ ಸಮಾಧಾನವಾಯಿತು.

ಚನಮಲ್ಲಪ್ಪ ಗಾಡಿಯನ್ನು ಓಣಿಯ ತಲೆಗೆ ತಂದು ನಿಲ್ಲಿಸಿ, ಪಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಬ್ರೇಕ್ ಇಳಿಸಿ, ಕಲ್ಲು ತೆಗೆದರು. ಗಾಡಿ ಅಲ್ಲಾಡಲಿಲ್ಲ.

"ಆತಲ್ರಿ ಟೀಚರ?" ಎಂದರು ಯಾರೋ. ನಗು ಎದ್ದಿತು.

"ಇನ್ನೊಮ್ಮಿ ಹಾಕ್ರಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕಾಗದದಲ್ಲಿ 'ಬಹುದು' ಎಂದು ಬರೆದದ್ದು ಅವಳಿಗೂ ಅರ್ಥವಾಗಿತ್ತು. ಒಮ್ಮೆ ಕೂಡುತ್ತದೆ, ಒಮ್ಮೆ ಕೂಡುವುದಿಲ್ಲ. ಗಣಿತದವಳಿಗೆ ಅಷ್ಟು ತಿಳಿಯದಿದ್ದರೆ ಹೇಗೆ?

ಎರಡನೆಯ ಸಲವೂ ನಿಂತಿತು. ಮೂರನೆಯ ಸಲವೂ ನಿಂತಿತು. ಚನಮಲ್ಲಪ್ಪ ಕಲ್ಲನ್ನು ಎದೆಗೆ ಒತ್ತಿ ಹಿಡಿದು, ಗಾಡಿಗೆ ಬೆನ್ನು ಮಾಡಿ, ನ್ಯಾಯ ಹೇಳುವ ಗತ್ತಿನಲ್ಲಿ ಮಂದಿಯ ಕಡೆ ತಿರುಗಿದರು.

"ನೋಡ್ರೆಪಾ, ನಾ ಮೊದಲಿಂದ ಏನ ಅಂದಿದ್ನಿ..."

ಒಳಗೆಲ್ಲೋ 'ಟಕ್' ಎಂದಿತು. ಗಾಡಿ ಮೆಲ್ಲಗೆ ಅವರ ಮೊಳಕೈ ಸವರಿಕೊಂಡೇ ಇಳಿಯತೊಡಗಿತು. ಚನಮಲ್ಲಪ್ಪ ಕಲ್ಲು ಚೆಲ್ಲಿ, ಬಾಗಿಲ ಹಿಡಿಗೆ ಕೈ ಹಾಕಿ, "ಹೋ! ಹೋ! ಹೋ!" ಎಂದು ಕೂಗಿದರು. ಐವತ್ತು ವರ್ಷ ಎತ್ತುಗಳನ್ನು ನಿಲ್ಲಿಸಿದ ದನಿ ಅದು, ಆದರೆ ಗಾಡಿಗೆ ಆ ಭಾಷೆ ಬರುತ್ತಿರಲಿಲ್ಲ. ಎರಡು ಹೆಜ್ಜೆ ಅವರನ್ನೂ ಎಳೆದುಕೊಂಡೇ ಹೋಯಿತು. ದಾನೇಶ್ವರಿ ಹಾರಿ ಹೋಗಿ ಮಾವನ ತೋಳು ಹಿಡಿದು ಈಚೆ ಜಗ್ಗಿದಳು. ಗಾಡಿ ವೇಗ ಹೆಚ್ಚಿಸಿಕೊಂಡು ಹೋಗಿ ಸಿವುಡಿನ ರಾಶಿಯೊಳಗೆ ಅರ್ಧ ಹೂತು ನಿಂತಿತು.

ಚನಮಲ್ಲಪ್ಪ ಇಳಿದು ಹೋಗಿ, ಬಾಗಿಲು ತೆಗೆದು, ಒಳಗೆ ಬಗ್ಗಿ ನೋಡಿದರು. ಗೇರಿನ ಹಿಡಿಕೆ ಅವರು ಇಟ್ಟಲ್ಲೇ ಇತ್ತು.

"ಪಿ ಮ್ಯಾಲೇ ಐತಿ," ಎಂದರು. ತಮಗೆ ತಾವೇ ಹೇಳಿಕೊಂಡ ಹಾಗೆ ಇನ್ನೊಮ್ಮೆ, "ಪಿ ಮ್ಯಾಲೇ ಐತಿ."

ಮೇಲೆ ಬಂದಾಗ ಅವರ ಅಂಗಿಗೆಲ್ಲ ಕಣಿಕೆಯ ಹೊಟ್ಟು ಅಂಟಿತ್ತು. ಸೊಸೆಯ ಮುಂದೆ ನಿಂತರು.

"ಎಷ್ಟ ಹುಡುಗ್ರು ಅಂದಿದ್ದಿ ಅವತ್ತ?"

"ನೂರಾ ಎಂಬತ್ರಿ."

"ಮತ್ತ ನಾನು ಮುಧೋಳ ಸಂತ್ಯಾಗ, ಮಂದ್ಯಾಗ, ಇದನ್ನ ನಿಂದರ್ಸಿ ಬಂದೇನಿ. ಆ ಕಲ್ಲ ಹಿಡದಿತ್ತು. ನಾ ಗಾಡಿ ಹಿಡದೈತಿ ಅಂದ್ಕೊಂಡ್ನಿ." ಜೇಬಿನಿಂದ ಕೀಲಿ ತೆಗೆದು ಆಕೆಯ ಅಂಗೈಯಲ್ಲಿ ಇಟ್ಟರು. "ದಾನವ್ವಾ, ನೀ ಖರೆ ಹೇಳಿದ್ದಿ. ನಾ ತಪ್ಪ ಮಾಡೇನಿ. ಇಲ್ಲಿ ಇದ್ದಾವ್ರೆಲ್ಲಾ ಕೇಳ್ರಿ, ನಾ ತಪ್ಪ ಮಾಡೇನಿ."

ದಾನೇಶ್ವರಿಗೆ ಕಣ್ಣು ತುಂಬಿ ಬಂತು. ಮರೆಮಾಡುವ ಗೋಜಿಗೆ ಹೋಗಲಿಲ್ಲ. ಎರಡು ತಿಂಗಳು ತಡೆದದ್ದು, ಒಮ್ಮೆ ಹರಿದು ಹೋಗಲಿ ಎಂದು ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಶಂಕ್ರೆವ್ವ, "ಇನ್ನ ಆ ಸಾಲಿ ಪುಸ್ತಕದಾಗ ಬರದ್ದು ಯಾರ ಅಳಸ್ತಾರ?" ಎಂದು ಗಂಡನನ್ನು ಕೇಳಿದರು.

"ನಾನ ಬರದದ್ದು, ನಾನ ಅಳಸ್ತೇನಿ," ಎಂದರು ಚನಮಲ್ಲಪ್ಪ.

ಸೋಮವಾರ ದಾನೇಶ್ವರಿ ರಜೆ ಹಾಕಿ, ಹ್ಯಾಂಡ್ ಬ್ರೇಕನ್ನು ನೆಚ್ಚಿ, ಮಾವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಜಮಖಂಡಿಯ ಸರ್ವೀಸ್ ಸೆಂಟರಿಗೆ ಗಾಡಿ ಒಯ್ದಳು. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಅಕ್ಷತಾ ಎಂಬ ಹುಡುಗಿ ಗಾಡಿಯ ನಂಬರು ನೋಡಿದ್ದೇ ತಡ, "ಅಯ್ಯ, ನಿಮಗ ನಾಕ ಸಲಾ ಫೋನ್ ಹಚ್ಚೇನ್ರಿ! ಹಿರ್ಯಾರು ಲೋನ್ ಬ್ಯಾಡವಾ ಅಂತ ಹೇಳಿ ಹೇಳಿ ಇಡ್ತಿದ್ರು" ಎಂದಳು. ಚನಮಲ್ಲಪ್ಪ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಶಿವಾಜಿ ಹಳೆಯ ಕೊಕ್ಕೆಯನ್ನು ಅರಿವೆಯಲ್ಲಿ ಒರೆಸಿ ತಂದು ತೋರಿಸಿದ. ಹೆಬ್ಬೆರಳಿನಷ್ಟೂ ದೊಡ್ಡದಿರಲಿಲ್ಲ. ತುದಿ ಒಂದು ಕಡೆ ಸವೆದು ದುಂಡಾಗಿತ್ತು.

"ಇಷ್ಟ ಸಣ್ಣದ?" ಎಂದರು ಚನಮಲ್ಲಪ್ಪ.

"ಇಷ್ಟ ಐತ್ರಿ. ಇದು ಕಚ್ಚಿದ್ರ ಗಾಡಿ ನಿಂದರ್ತೈತಿ, ಜಾರಿದ್ರ ಇಲ್ಲ. ಹೊಸಾದು ಗಟ್ಟಿ ಐತ್ರಿ, ಇಳಿಜಾರಿನ್ಯಾಗ ಹಾಕಿ ಹತ್ತ ಸಲಾ ನೋಡೇನಿ. ಆದ್ರೂ ಅಕ್ಕಾರ, ಹ್ಯಾಂಡ್ ಬ್ರೇಕ್ ಬಿಡಬ್ಯಾಡ್ರಿ."

"ಇನ್ನ ಬಿಡಾಂಗಿಲ್ರಿ," ಎಂದಳು ದಾನೇಶ್ವರಿ. ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ ಎಂದು ಪುಸ್ತಕದಲ್ಲಿ ಬರೆದ ಆ ಮೊದಲ ಸಾಲಿಗೆ ಆಕೆಯೇ ಹೊಣೆಯಾಗಿದ್ದಳಲ್ಲ.

ಮಂಗಳವಾರ ಬೆಳಿಗ್ಗೆ ಬಿಳಿಯ ಗಾಡಿ ಎರಡು ತಿಂಗಳ ನಂತರ ಶಾಲೆಯ ಗೇಟು ದಾಟಿತು. ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಚನಮಲ್ಲಪ್ಪ ಕೂತಿದ್ದರು. ಮಕ್ಕಳು ಪ್ರಾರ್ಥನೆಗೆ ಸೇರುತ್ತಿದ್ದರು. ಮೆಟ್ಟಿಲ ಮೇಲೆ ನಿಂತಿದ್ದ ಮಧುಮತಿಯವರ ಹುಬ್ಬು ಮೇಲೇರಿತು. ದಾನೇಶ್ವರಿ ಬೇವಿನ ಗಿಡದ ಕೆಳಗೆ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಪಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದಳು.

ಚನಮಲ್ಲಪ್ಪ ಇಳಿದು ಡಿಕ್ಕಿಯಿಂದ ಕಲ್ಲು ಎತ್ತಿಕೊಂಡು ಗಾಲಿಯ ಹತ್ತಿರ ಬಂದರು. ಬಗ್ಗಿದವರು ಅಲ್ಲೇ ತಡೆದರು. ನೆಟ್ಟಗೆ ನಿಂತು, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಯ ಮುಂದೆ ಚಾಚಿದರು, ಪೂಜೆಯ ದಿನ ಚಾಚಿದ ಹಾಗೆಯೇ.

"ತಗೋವಾ. ಗಾಡಿ ಹೊಡದಾವ್ರು ಕೊಡಬೇಕು."

ಈ ಸಲ ದಾನೇಶ್ವರಿ ನಗಲಿಲ್ಲ. ನೋಟ್‌ಬುಕ್ಕಿನ ಗಂಟನ್ನು ಮಾವನ ಕೈಗೆ ಕೊಟ್ಟು ಕಲ್ಲು ತೆಗೆದುಕೊಂಡಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಕೂತು, ಸವೆದ ಮಗ್ಗಲನ್ನು ಗಾಲಿಗೆ ಕೂಡಿಸಿ, ಕಾಲಿನಿಂದ ಒತ್ತಿ ನೋಡಿ, ಎದ್ದು ಕೈ ಒರೆಸಿಕೊಂಡಳು.

"ಕುಂತೈತ್ರಿ ಮಾವಾರ."

"ನಿನಗ ಗೊತ್ತಿರ್ತೈತಿ," ಎಂದು ಚನಮಲ್ಲಪ್ಪ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ನೋಟ್‌ಬುಕ್ಕಿನ ಗಂಟನ್ನು ಎದೆಗವಚಿಕೊಂಡು, ಸೊಸೆಯನ್ನು ಮುಂದೆ ಬಿಟ್ಟು, ಆಫೀಸಿನ ಕಡೆ ನಡೆದರು.